ನಲವತ್ತು ನಿಮಿಷದ ನೀರು

ಒಟಿಲಿಯಾ ಬಾಸಾನ್ ನೀರಿನ ಪಾಳಿ ಬರೆದರೆ ಇಗರ್ಜಿಯ ಗಡಿಯಾರವೂ ತನ್ನ ಮುಳ್ಳು ತಿದ್ದಿಕೊಳ್ಳುತ್ತದೆ ಎಂದು ನಮ್ಮ ಕಾಲುವೆ ದಂಡೆಯಲ್ಲಿ ಒಂದು ಮಾತಿತ್ತು. ಅವಳ ಮನೆಯ ಬೆಕ್ಕು ಕೂಡ ಪಾಳಿ ನೋಡಿಕೊಂಡೇ ಹಾಲಿಗೆ ಬಾಯಿ ಹಾಕುವುದು ಎಂದು ನಗುತ್ತಿದ್ದೆವು. ನಕ್ಕರೂ ಒಳಗೊಳಗೆ ಹೆಮ್ಮೆಯೇ. ಮೇಲಿನ ಕಾಲುವೆಯವರು ನೀರಿಗಾಗಿ ಗುದ್ದಲಿ ಎತ್ತಿ ತಲೆ ಒಡೆದುಕೊಂಡಾಗಲೆಲ್ಲ, ನಮಗೆ ಒಟಿಲಿಯಾ ಇದ್ದಾಳಪ್ಪ ಎಂದು ಮೀಸೆ ತಿರುವಿದವರು ನಾವು.

ಮೆಂದೋಸಾದ ಈ ಬಯಲಿನಲ್ಲಿ ಮಳೆ ನಂಬಿ ಯಾರೂ ದ್ರಾಕ್ಷಿ ಬಳ್ಳಿ ನೆಡುವುದಿಲ್ಲ. ಬೆಟ್ಟದ ಹಿಮ ಕರಗಿದ ನೀರು ವಾರಕ್ಕೊಮ್ಮೆ ನಮ್ಮ ಲಾಸ್ ಹಿಗೇರಾಸ್ ಕಾಲುವೆಗೆ ಇಳಿಯುತ್ತದೆ. ಯಾರ ತೋಟಕ್ಕೆ ಎಷ್ಟು ಹೊತ್ತಿಗೆ, ಎಷ್ಟು ನಿಮಿಷ ಎಂಬುದೇ ಪಾಳಿಪಟ್ಟಿ. ಹಿಮ ಕರಗಿದ ಲೆಕ್ಕ ವಾರವಾರವೂ ಬೇರೆ, ಹಾಗಾಗಿ ಪ್ರತಿ ಶುಕ್ರವಾರ ಪಟ್ಟಿಯನ್ನೂ ಹೊಸದಾಗಿ ಬರೆಯಬೇಕು. ಬರೆಯುವವಳು ಒಟಿಲಿಯಾ. ಅದರಂತೆ ತೂಬು ಎತ್ತಿ ಇಳಿಸುವವನು ನೀರುಗಂಟಿ ಗಾಸ್ಪರ್. ಕಾಲುವೆ ಕಚೇರಿಯ ಹಿಂದಿನ ಎರಡು ಕೋಣೆ ಕೆಲಸದ ಜೊತೆಗೆ ಬಂದ ಮನೆ, ಮೂವತ್ತೊಂದು ವರ್ಷದಿಂದ ಅವಳು ಅಲ್ಲೇ. ಕಂಪ್ಯೂಟರಿನ ಮುಖವನ್ನು ರೈತರು ಕೂರುವ ಬೆಂಚಿನ ಕಡೆಗೆ ತಿರುಗಿಸಿಟ್ಟವಳೂ ಅವಳೇ. ಪಟ್ಟಿ ಬರೆಯುವಾಗಲೇ ಎಲ್ಲರಿಗೂ ಕಾಣಲಿ, ಆಮೇಲೆ ತಕರಾರು ಬೇಡ ಎಂದು. ತಾನು ಮಾತ್ರ ಪಕ್ಕದಲ್ಲಿ ಕುತ್ತಿಗೆ ಓರೆ ಮಾಡಿ ಕೂತು ಟೈಪು ಮಾಡುತ್ತಿದ್ದಳು.

ಅವಳಿಗೆ ಅರವತ್ತು ತುಂಬಿದ ವರ್ಷ ಅಕ್ಕ ಡೇಲಿಯಾ ಕಡಲ ದಂಡೆಯ ಮಾರ್ ದೆಲ್ ಪ್ಲಾತಾದಿಂದ ಫೋನು ಮಾಡಿದಳು. ಕಣ್ಣಲ್ಲಿ ಬಿಟ್ಟರೆ ಬೇರೆಲ್ಲೂ ಉಪ್ಪುನೀರು ಕಾಣದೆ ಸಾಯ್ತೀಯೇನೇ, ಮೂರು ವಾರ ಬಾ, ಇಲ್ಲಿ ನೀರಿಗೆ ಪಾಳಿ ಇಲ್ಲ ಎಂದು ಹಂಗಿಸಿದಳಂತೆ. ಆ ಮಾತು ಒಟಿಲಿಯಾಳಿಗೆ ನಾಟಿತು. ಆದರೆ ಪಟ್ಟಿ? ಅದು ಇದ್ದದ್ದು ಕಚೇರಿಯ ಆ ಒಂದೇ ಯಂತ್ರದೊಳಗೆ. ಪಟ್ಟಿಯ ಆ ಪ್ರೋಗ್ರಾಮು ಬರೆದುಕೊಟ್ಟ ಎಂಜಿನಿಯರು ಎಂದೋ ತೀರಿಕೊಂಡಿದ್ದ. ಬೇರೆ ಯಂತ್ರಕ್ಕೆ ಹಾಕಿದರೆ ಅದು ಹಠ ಮಾಡುವ ಮುದಿ ಕತ್ತೆಯಂತೆ ಕಾಲೂರಿ ನಿಲ್ಲುತ್ತಿತ್ತು. ಕತ್ತೆಯನ್ನು ಸಮುದ್ರಕ್ಕೆ ಒಯ್ಯಲಾಗದಿದ್ದರೆ ಸಮುದ್ರದ ದಡದಿಂದಲೇ ಅದರ ಹಗ್ಗ ಹಿಡಿಯಬೇಕು. ಹಾಗೆಂದು ದಾರಿ ಹೇಳಿದವಳು ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಮಿರ್ತಾ.

ದೂರದಿಂದ ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್ ಮಿರ್ತಾಳ ಹತ್ತಿರ ಮೂರು ಬಗೆಯವಿದ್ದವು. ಒಟಿಲಿಯಾ ಗಂಡು ನೋಡುವ ಹಾಗೆ ಮೂರನ್ನೂ ನೋಡಿದಳು. ಮೂರು ಗುರುವಾರ ಬಸ್ಸು ಹತ್ತಿ ಪೇಟೆಗೆ ಹೋಗಿ, ಮಿರ್ತಾಳ ಅಂಗಡಿಯಲ್ಲಿ ಕೂತು, ಅಲ್ಲಿಂದಲೇ ನಮ್ಮ ಕಚೇರಿಯ ಯಂತ್ರವನ್ನು ತೆರೆದು ಸುಳ್ಳುಪಟ್ಟಿ ಬರೆದು ಅಳಿಸಿದಳು. ಒಂದನೆಯದು ಬಿಟ್ಟಿ. ಆದರೆ ಐದು ನಿಮಿಷಕ್ಕೆ, ನೀವು ಇದನ್ನು ವ್ಯವಹಾರಕ್ಕೆ ಬಳಸುತ್ತಿದ್ದೀರಿ ಎಂದು ಅನುಮಾನಪಟ್ಟು ಬಾಗಿಲು ಹಾಕಿಕೊಳ್ಳುತ್ತಿತ್ತು. ಅನುಮಾನದ ಗಂಡ ಬೇಡ ಎಂದಳು. ಎರಡನೆಯದು ಚುರುಕು, ಆದರೆ ಪ್ರತಿ ಸಲವೂ ಕಚೇರಿಯಲ್ಲಿ ಒಬ್ಬರು ಕೂತು ಒಪ್ಪಿಗೆ ಒತ್ತಬೇಕು. ಗಾಸ್ಪರ್ ಒತ್ತಿದರೆ ಕೀಲಿಮಣೆಯೇ ಒಡೆದೀತು ಎಂದು ಅದನ್ನೂ ಬಿಟ್ಟಳು. ಮೂರನೆಯದಕ್ಕೆ ವರ್ಷಕ್ಕೊಮ್ಮೆ ಶುಲ್ಕ. ನಮ್ಮೂರಿನ ಬಡಕಲು ಇಂಟರ್ನೆಟ್ ತಂತಿಯಲ್ಲೂ ಅದು ಕುಂಟದೆ ನಡೆಯಿತು. ಕರೆಂಟು ಹೋಗಿ ಬಂದರೆ ತಾನೇ ಎದ್ದು ಕೂರುತ್ತಿತ್ತು. ಅದನ್ನೇ ಆರಿಸಿದಳು.

ಕಚೇರಿಗೆ ಬಂದು ಹಾಕಿಕೊಡುವಾಗ ಮಿರ್ತಾ ಒಂದು ಮಾತು ಕೇಳಿದಳು. ನೀವು ದೂರದಿಂದ ಕೆಲಸ ಮಾಡುವಾಗ ಇಲ್ಲಿನ ತೆರೆಯ ಮೇಲೆ ಎಲ್ಲವೂ ಕಾಣುತ್ತದೆ, ಬೇಡವಾದರೆ ಕಪ್ಪಾಗಿಸಬಹುದು, ಮಾಡಲೇ? ನಾವು ನಾಲ್ಕೈದು ಜನ ಅಲ್ಲೇ ಬೆಂಚಿನ ಮೇಲಿದ್ದೆವು.

"ಕಪ್ಪು ಯಾಕಮ್ಮಾ?" ಎಂದಳು ಒಟಿಲಿಯಾ. "ನಾನೇನು ಕಳ್ಳಬಟ್ಟಿ ಕಾಯಿಸ್ತೀನಾ?"

ನಾವು ಭೇಷ್ ಎಂದೆವು.

ನವೆಂಬರಿನಲ್ಲಿ, ನಮ್ಮ ಕಡೆ ಬೇಸಿಗೆ ಶುರುವಾಗುವ ಹೊತ್ತಿಗೆ, ಹೋದಳು. ಮೊದಲ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ನಾವೆಲ್ಲ ಮದುವೆಗೆ ಬಂದಂತೆ ಬಂದು ಕೂತೆವು. ಖಾಲಿ ಕುರ್ಚಿಯ ಮುಂದೆ ಬಾಣದ ಗುರುತು ತಾನೇ ತಾನಾಗಿ ಹರಿದಾಡಿದಾಗ ಗಾಸ್ಪರ್ ಶಿಲುಬೆ ಗುರುತು ಹಾಕಿಕೊಂಡ. ಆಮೇಲೆ ಅವಳಿಗೆ ಫೋನು ಮಾಡಿ, ಎಲ್ಲರೂ ತೆರೆಗೆ ಕೈ ಬೀಸುತ್ತಿದ್ದಾರೆ ಎಂದ. ಆ ಕಡೆ ಅವಳೂ ನಕ್ಕಳು.

ಎರಡನೆಯ ವಾರ ಅವಳ ತಮ್ಮ ಎಲ್ವಿಯೋ ಅವಳಿಗೆ ದಿನವೂ ಫೋನು ಮಾಡುತ್ತಿದ್ದ ಎನ್ನುವುದು ನಮಗೆ ಗೊತ್ತಿರಲಿಲ್ಲ. ಎಲ್ವಿಯೋ ಆ ಚಳಿಗಾಲ ಹಳೆಯ ಬಳ್ಳಿ ಕಿತ್ತು ಮುನ್ನೂರು ಪೀಚ್ ಗಿಡ ನೆಟ್ಟಿದ್ದ. ಬಿಸಿಗಾಳಿಗೆ ಎಲೆ ಸುರುಟುತ್ತಿತ್ತು. ಅಕ್ಕಾ, ನಲವತ್ತು ನಿಮಿಷ ಹೆಚ್ಚಿಗೆ ಸಿಕ್ಕಿದ್ರೆ ಉಳೀತಾವೆ ಎಂದು ಗೋಗರೆದನಂತೆ. ನೀರು ಎರವಲು ಕೇಳುವ ಪದ್ಧತಿ ನಮ್ಮಲ್ಲಿ ಇದೆ. ಪಕ್ಕದವನ ಬಾಗಿಲಿಗೆ ಹೋಗಿ ಟೋಪಿ ತೆಗೆದು ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ, ಮುಂದಿನ ಪಾಳಿಯಲ್ಲಿ ತೀರಿಸಿದರಾಯಿತು. ಎಲ್ವಿಯೋಗೆ ಟೋಪಿ ತೆಗೆಯುವ ಅಭ್ಯಾಸ ಇರಲಿಲ್ಲ. ತಮ್ಮನ ಪರವಾಗಿ ಕೇಳಲು ಒಟಿಲಿಯಾಳಿಗೆ ನಾಲಿಗೆ ಏಳಲಿಲ್ಲ. ಮೂವತ್ತೊಂದು ವರ್ಷ ಬೇರೆಯವರ ಕೋರಿಕೆಯನ್ನು ಕಾಗದದಲ್ಲಿ ಬರೆಸಿಕೊಂಡವಳು ತಾನೇ ಹೇಗೆ ಕೈಯೊಡ್ಡಿಯಾಳು?

ಆ ಶುಕ್ರವಾರ ಬೆಳಗಿನಿಂದಲೇ ಸೊಂಡಾ ಬೀಸಿತು. ಬೆಟ್ಟದಿಂದ ಕುಲುಮೆಯ ಉಸಿರಿನ ಹಾಗೆ ಇಳಿಯುವ ಗಾಳಿ ಅದು. ಕರೆಂಟು ಹೋಯಿತು. ಒಂದು ದೊಡ್ಡ ಪಾಪ್ಲರ್ ಮರ ಕಾಲುವೆಗೆ ಅಡ್ಡ ಬಿತ್ತು. ನಾವು ಹನ್ನೊಂದು ಜನ ಗರಗಸ, ಹಗ್ಗ ಹಿಡಿದು ಮಧ್ಯಾಹ್ನದವರೆಗೂ ಅದನ್ನು ಕಡಿದು ಎಳೆದೆವು. ಮುಗಿಸುವಾಗ ಗಂಟೆ ಎರಡಾಗಿತ್ತು, ಊರೆಲ್ಲ ಊಟ ಮಾಡಿ ಕಿಟಕಿ ಮುಚ್ಚಿ ಮಲಗುವ ಹೊತ್ತು. ಮನೆಗೆ ಹೋಗಲೂ ಕಸುವಿಲ್ಲದೆ, ಮಣ್ಣಿನ ಗೋಡೆಯ ಕಚೇರಿ ತಂಪಾಗಿರುತ್ತದೆಂದು ಗಾಸ್ಪರನಿಂದ ಬೀಗ ತೆಗೆಸಿ ಒಳಗೆ ಕೂತೆವು. ಮಾತೆ ಎಂಬ ನಮ್ಮ ಕಹಿ ಎಲೆಚಹಾದ ಸೋರೆಬುರುಡೆ ಕೈಯಿಂದ ಕೈಗೆ ಸುತ್ತುತ್ತಿತ್ತು. ಕಾಲುವೆಯ ಕೊನೆಯ ತೋಟದ ನಿಕಾನೋರ್ ಮುದುಕ ತನ್ನ ಎಂಬತ್ತರ ವಯಸ್ಸಿನಲ್ಲೂ ಕೊಂಬೆ ಹೊತ್ತವನು. ಅವನು ಬೆಂಚಿನ ತುದಿಯಲ್ಲಿ ಅಂಗಿ ಬಿಚ್ಚಿ ಕೂತಿದ್ದ.

ಕರೆಂಟು ಬಂತು. ಯಂತ್ರ ತಾನೇ ಎದ್ದಿತು. ಸ್ವಲ್ಪ ಹೊತ್ತಿಗೆ ಬಾಣ ಅಲುಗಾಡಿತು.

ಅಗೋ, ನಮ್ಮಮ್ಮ ಬಂದಳು ಎಂದು ಯಾರೋ ಅಂದರು. ನಿದ್ದೆ ಹೊತ್ತಲ್ಲೂ ಕೆಲಸ ಬಿಡಲ್ಲ ನೋಡು ಎಂದು ಇನ್ನೊಬ್ಬರು. ಪಟ್ಟಿ ಮೇಲಿನಿಂದ ಕೆಳಕ್ಕೆ ತುಂಬುತ್ತಾ ಬಂತು. ಎಲ್ವಿಯೋ ಬಾಸಾನ್, ಒಂದೂವರೆ ಗಂಟೆ. ಕೆಳಗೆ ನಿಕಾನೋರ್, ಎರಡು ಗಂಟೆ ಹತ್ತು ನಿಮಿಷ. ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಬಾಣ ನಿಕಾನೋರನ ಸಾಲಿನ ಮೇಲೆ ಬಂದು ನಿಂತಿತು. ಎರಡು ಗಂಟೆ ಹತ್ತು ಅಳಿಸಿತು. ಒಂದೂವರೆ ಎಂದಾಯಿತು. ನಾವು ಹುಬ್ಬು ಗಂಟಿಕ್ಕಿದೆವು. ತಪ್ಪಾಗಿರಬೇಕು. ಹೌದು, ಮತ್ತೆ ಎರಡು ಗಂಟೆ ಹತ್ತು ಬಂತು. ಉಸಿರು ಬಿಟ್ಟೆವು. ಬಾಣ ಪಟ್ಟಿಯ ಹೊರಗೆ ಹೋಗಿ ಒಂದು ಮೂಲೆಯಲ್ಲಿ ಸುಮ್ಮನೆ ನಿಂತಿತು, ಒಂದು ಮಾತೆ ಕುಡಿದು ಮುಗಿಸುವಷ್ಟು ಹೊತ್ತು. ಆಮೇಲೆ ತಿರುಗಿ ಬಂದು ಮತ್ತೆ ಒಂದೂವರೆ ಮಾಡಿತು. ಮೇಲಕ್ಕೆ ಹೋಗಿ ಎಲ್ವಿಯೋನ ಸಾಲಿನಲ್ಲಿ ಎರಡು ಗಂಟೆ ಹತ್ತು ನಿಮಿಷ ಬರೆಯಿತು.

ತೆರೆಯ ಗುಂಡಿ ನನ್ನಿಂದ ಒಂದು ಮೊಳ ದೂರದಲ್ಲಿತ್ತು. ಕೈ ಚಾಚಿ ಆರಿಸಬಹುದಿತ್ತು. ಹನ್ನೊಂದು ಜನರಲ್ಲಿ ಯಾರಾದರೂ ಆರಿಸಬಹುದಿತ್ತು. ಒಬ್ಬರ ಬಟ್ಟೆ ಜಾರಿದಾಗ ಕಣ್ಣು ತಿರುಗಿಸುವುದು ನಮಗೆ ಅಮ್ಮಂದಿರು ಕಲಿಸಿದ್ದು. ನಾವು ತಿರುಗಿಸಲಿಲ್ಲ, ರೆಪ್ಪೆ ಹೊಡೆಯದೆ ನೋಡಿದೆವು.

ನಿಕಾನೋರನಿಗೆ ಅಷ್ಟು ದೂರದ ಅಕ್ಷರ ಕಾಣುತ್ತಿರಲಿಲ್ಲ.

"ಏನಂತಪ್ಪಾ, ನಂಗೆ ಎಷ್ಟು ಹಾಕಿದಾಳೆ ಈ ಸಲ?" ಎಂದ.

ಬುರುಡೆ ಯಾರದೋ ಕೈಯಲ್ಲಿ ತಣ್ಣಗಾಗುತ್ತಿತ್ತು. ಗಾಸ್ಪರ್, "ಇನ್ನೂ ಬರೀತಾ ಇದಾಳೆ, ದೋನ್ ನಿಕಾ" ಎಂದ. ಬಾಣ ಪಟ್ಟಿಯನ್ನು ಉಳಿಸಿ, ಮುಚ್ಚಿ, ಹೋಯಿತು.

ನೀರು ಬಂದ ದಿನ ಗಾಸ್ಪರ್ ಬದುಕಿನಲ್ಲಿ ಮೊದಲ ಸಲ ಪಟ್ಟಿ ಮೀರಿದ. ಎಲ್ವಿಯೋಗೆ ಒಂದೂವರೆ ಗಂಟೆ ಕಳೆದ ಕೂಡಲೇ ತೂಬು ಇಳಿಸಿ, ನಿಕಾನೋರನಿಗೆ ಹಳೆಯ ಎರಡು ಗಂಟೆ ಹತ್ತು ನಿಮಿಷವನ್ನೇ ಬಿಟ್ಟ. ಎಲ್ವಿಯೋ ಅಕ್ಕನಿಗೆ ಫೋನು ಮಾಡಿ ಕೂಗಾಡಿದ. ಅಕ್ಕ ಗಾಸ್ಪರನಿಗೆ ಮಾಡಿದಳು. ಪಟ್ಟಿಯಲ್ಲಿ ಹಾಗಿಲ್ಲವಲ್ಲ, ಯಾಕೆ ಹೀಗೆ ಮಾಡಿದೆ ಎಂದು ಕಚೇರಿಯ ದನಿಯಲ್ಲೇ ಕೇಳಿದಳಂತೆ. ಗಾಸ್ಪರ್ ಸುಳ್ಳು ಹುಡುಕಿದ. ಸಿಗಲಿಲ್ಲ.

"ನೀವು ಬರಿಯೋವಾಗ ನಾವು ಹನ್ನೊಂದು ಜನ ಅಲ್ಲೇ ಕೂತಿದ್ವಿ, ದೋನ್ಯಾ ಒಟಿಲಿಯಾ."

ಆ ಕಡೆ ಟೀವಿಯಲ್ಲಿ ಯಾರೋ ಕುಂಬಳಕಾಯಿ ಬೇಯಿಸುವುದು ಹೇಗೆಂದು ಹೇಳಿಕೊಡುತ್ತಿದ್ದರಂತೆ. ಅದು ಪೂರ್ತಿ ಮುಗಿದ ಮೇಲೆ ಅವಳು ಫೋನು ಇಟ್ಟಳು.

ಮೂರನೆಯ ವಾರ ಮುಗಿಯುವುದಕ್ಕೆ ಕಾಯದೆ ವಾಪಸು ಬಂದಳು. ಹಾಲಿನ ಪಾಕ ಮೆತ್ತಿದ ಆಲ್ಫಾಹೋರ್ ಬಿಸ್ಕತ್ತಿನ ಡಬ್ಬಿಗಳನ್ನು ಮನೆಮನೆಗೂ ತಂದುಕೊಟ್ಟಳು. ಸಮುದ್ರಕ್ಕೆ ಹೋದವರು ತರಲೇಬೇಕಲ್ಲ. ನಾವು ತಗೊಂಡೆವು. ಸಮುದ್ರ ಹೇಗಿತ್ತು ಎಂದು ಕೇಳಿದೆವು. ದೊಡ್ಡದಿತ್ತು ಎಂದಳು. ಅಷ್ಟೇ. ನಮ್ಮ ಮನೆಯ ಡಬ್ಬಿ ಬಹಳ ದಿನ ಕಪಾಟಿನಲ್ಲಿತ್ತು. ನನ್ನ ಹೆಂಡತಿ ತಿನ್ನಲೂ ಬಿಡಲಿಲ್ಲ, ಬಿಸಾಡಲೂ ಬಿಡಲಿಲ್ಲ.

ನಿಕಾನೋರನ ಬಾಗಿಲಿಗೂ ಹೋದಳು. ಅದನ್ನು ಅವನೇ ನನಗೆ ಹೇಳಿದ್ದು. ಡಬ್ಬಿ ಮೇಜಿನ ಮೇಲಿಟ್ಟು, ನಿಂತೇ, ನಿಮ್ಮ ನೀರು ಕದ್ದೆ ಎಂದಳಂತೆ. ಮುದುಕ ಕುರ್ಚಿ ಎಳೆದು ಕೂರಿಸಿದ. ನನಗೆ ಕಣ್ಣು ಕಾಣಲ್ಲ, ಆದರೆ ಹತ್ತು ಜನ ಒಟ್ಟಿಗೆ ಸುಮ್ಮನಾದದ್ದು ಕೇಳಿಸ್ತು ಎಂದ. ಆಮೇಲೆ ಅಂದ:

"ಕೇಳಿದ್ರೆ ಕೊಡ್ತಿದ್ನಲ್ಲ ಮಗಳೇ. ನಲವತ್ತು ನಿಮಿಷ ಏನು ಮಹಾ."

ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ. ಎದ್ದು ಬಂದುಬಿಟ್ಟಳು. ಬಿಸಿಲಿಗೆಂದು ತಂದಿದ್ದ ಕೊಡೆ ಅಲ್ಲೇ ಉಳಿಯಿತು. ಮುದುಕ ಆಮೇಲೆ ಕಳಿಸಿಕೊಟ್ಟ.

ಕಚೇರಿಯಲ್ಲಿ ಯಾರೂ ಒಂದು ಮಾತು ಆಡಲಿಲ್ಲ. ಎಲ್ಲರೂ ಮೊದಲಿಗಿಂತ ಮರ್ಯಾದೆಯಿಂದ ನಡೆದುಕೊಂಡೆವು. ಆದರೆ ಮೊದಲೆಲ್ಲ ಪಟ್ಟಿಯನ್ನು ಹವಾಮಾನ ನೋಡಿದ ಹಾಗೆ ನೋಡಿ ಹೋಗುತ್ತಿದ್ದವರು ಈಗ ಕನ್ನಡಕ ಹಾಕಿಕೊಂಡು ನಿಮಿಷ ಕೂಡಿಸತೊಡಗಿದರು. ಒಬ್ಬಳು ಸಣ್ಣ ಪುಸ್ತಕ ತಂದು ಬರೆದುಕೊಂಡಳು. ಮುಂದಿನ ವಾರ ನಾನೂ ಒಯ್ದೆ. ಅವಳು ಕುತ್ತಿಗೆ ಓರೆ ಮಾಡಿ ಟೈಪು ಮಾಡುತ್ತಲೇ ಇದ್ದಳು. ನಮ್ಮ ಪೆನ್ನಿನ ಸದ್ದು ನಿಂತ ಮೇಲೆ ಮುಂದಿನ ಸಾಲಿಗೆ ಹೋಗುತ್ತಿದ್ದಳು.

ದ್ರಾಕ್ಷಿ ಕೊಯ್ಲು ಮುಗಿದ ವಾರ ರಾಜೀನಾಮೆ ಬರೆದುಕೊಟ್ಟಳು. ಕಾಲುವೆ ಸಮಿತಿಯವರು ಗಾಬರಿಯಾದರು. ಯಾರಾದರೂ ಏನಾದರೂ ಅಂದರೇ ಎಂದು ವಿಚಾರಿಸಿದರು.

"ಯಾರಾದ್ರೂ ಏನಾದ್ರೂ ಅಂದಿದ್ರೆ ಇರ್ತಿದ್ದೆ" ಎಂದಳು.

ಹೋಗುವ ದಿನ ಬೆಳಿಗ್ಗೆ ಎಂಟಕ್ಕೆ ನಾವು ಬೆಂಚಿನ ಮೇಲಿದ್ದೆವು. ಹಿಂದಿನ ಕೋಣೆಗೆ ಬೇರೆ ಬಾಗಿಲಿಲ್ಲ, ಕಚೇರಿ ಹಾದೇ ಹೊರಗೆ ಬರಬೇಕು. ಒಳಗೆ ನೆಲ ಒರೆಸುವ ಸದ್ದು ಬಹಳ ಹೊತ್ತು ಕೇಳಿತು. ಆಮೇಲೆ ಒಂದು ಪೆಟ್ಟಿಗೆ, ಬುಟ್ಟಿಯಲ್ಲಿ ಬೆಕ್ಕು ಹಿಡಿದು ಬಂದಳು. ಪೇಟೆಯಲ್ಲಿ ಬಸ್ ನಿಲ್ದಾಣದ ಹಿಂದೆ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಳು. ತಮ್ಮನ ಮನೆಗೆ ಹೋಗಲಿಲ್ಲ. ನಾವೆಲ್ಲ ಎದ್ದು ನಿಂತೆವು, ನಿಕಾನೋರನೂ ಕೋಲೂರಿ ಎದ್ದ.

"ಕೂತ್ಕೊಳ್ಳಿ," ಎಂದಳು. "ಹೆಣ ಹೋಗೋವಾಗ ಎದ್ದು ನಿಲ್ತಾರೆ."

ಯಾರೂ ಕೂರಲಿಲ್ಲ. ಬೀಗದ ಕೈಯನ್ನು ಗಾಸ್ಪರನ ಅಂಗೈಗೆ ಹಾಕಿದಳು. ಅವನು ಪೆಟ್ಟಿಗೆ ಎತ್ತಿಕೊಂಡು ಕಾಲುವೆಯ ಸೇತುವೆಯವರೆಗೆ ಅವಳ ಹಿಂದೆ ನಡೆದ. ಅಲ್ಲಿ ಅವಳು ಪೆಟ್ಟಿಗೆಯನ್ನು ಅವನ ಕೈಯಿಂದ ತಗೊಂಡು, ಹೋಗು, ತೂಬು ಎತ್ತೋ ಹೊತ್ತಾಯ್ತು ಎಂದು ಅವನನ್ನು ಹಿಂದಕ್ಕೆ ಕಳಿಸಿ, ಒಬ್ಬಳೇ ಬಸ್ಸಿನ ರಸ್ತೆಯ ಕಡೆ ಇಳಿದಳು.