ಕಾಶಮ್ಮನಿಗೆಂದು ಬರೆದ ಒಂದು ದಿನ

ಹಲಸೂರು ಕೆರೆಯ ಹಿಂದಿನ ಬೀದಿಯಲ್ಲಿ, ಲಿಫ್ಟಿಲ್ಲದ ಕಟ್ಟಡವೊಂದರ ಮೂರನೇ ಮಹಡಿಯ ಟ್ರಾವೆಲ್ಸ್ ಆಫೀಸಿನಲ್ಲಿ ಕೂತು ಅಂಜನಮೂರ್ತಿ ಹತ್ತೊಂಬತ್ತು ವರ್ಷ ಜನರಿಗೆ ಲೋಕ ಸುತ್ತಿಸಿದ. ತಾನು ಒಂದು ದಿನವೂ ವಿಮಾನ ಹತ್ತಲಿಲ್ಲ. ಗರುಡಾಚಾರ್‌ಪಾಳ್ಯದಿಂದ ಬಸ್ಸು ಹಿಡಿದು ಬಂದ, ಸಂಜೆ ಬಸ್ಸು ಹಿಡಿದು ಹೋದ, ಅಷ್ಟೇ.

ಊರು ನೋಡುವ ಆಸೆ ಸತ್ತದ್ದಕ್ಕೆ ಕಾರಣ, ಊರು ನೋಡಲು ಹೊರಟವರನ್ನು ಅವನು ತೀರ ಹತ್ತಿರದಿಂದ ನೋಡಿದ್ದು. ಪ್ಯಾರಿಸ್ಸಿಗೆ ಹೋಗುವವರು ಮೊದಲು ಕೇಳುತ್ತಿದ್ದದ್ದು ಅಲ್ಲಿ ಅನ್ನ ಸಾರು ಸಿಗುತ್ತದೆಯೇ ಎಂದು. ಸಿಂಗಪುರದಿಂದ ಬಂದವರು ಹೇಳುತ್ತಿದ್ದದ್ದು ಟಿ.ವಿ. ಎಷ್ಟು ಅಗ್ಗಕ್ಕೆ ಸಿಕ್ಕಿತು ಎಂದು. ಅಕ್ಕಪಕ್ಕದ ಮನೆಯವರ ಹೊಟ್ಟೆ ಉರಿಸಲು ಹೋಗುವ ಪ್ರವಾಸವೂ ಒಂದು ಪ್ರವಾಸವೇ ಎಂದು ಅವನಿಗೆ ಹೇಸಿಗೆಯಾಗುತ್ತಿತ್ತು. ಆದರೂ ಕೆಲಸದಲ್ಲಿ ಕಳ್ಳತನ ಮಾಡಿದವನಲ್ಲ. ಹೋಗಿ ಬಂದವರನ್ನು ಕೆದಕಿ ಕೆದಕಿ ಕೇಳುತ್ತಿದ್ದ, ಇಂಟರ್ನೆಟ್ ಬಂದ ಮೇಲೆ ಒಂದೊಂದು ಊರಿನ ಒಂದೊಂದು ಬೀದಿಯನ್ನೂ ಮೇಲಿನಿಂದ ನೋಡಿಟ್ಟುಕೊಳ್ಳುತ್ತಿದ್ದ. ವಯಸ್ಸಾದವರು ಬಂದರೆ ಬಾಗಿಲಲ್ಲಿ ನಿಂತು ಅವರು ಮೆಟ್ಟಿಲು ಹತ್ತುವುದನ್ನು ನೋಡುತ್ತಿದ್ದ. ಎಲ್ಲಿ ನಿಂತರು, ಯಾವ ಕಾಲನ್ನು ಮೊದಲು ಎತ್ತಿದರು ಎಂಬುದರ ಮೇಲೆ ಅವರ ಹೋಟೆಲು ತೀರ್ಮಾನವಾಗುತ್ತಿತ್ತು.

ಕಾಶಮ್ಮ ಎರಡನೇ ಮಹಡಿಯಲ್ಲೇ ಮಂಡಿ ಹಿಡಿದು ಕೂತುಬಿಟ್ಟರು, ಸುಧಾರಿಸಿಕೊಂಡು ಮೇಲೆ ಬಂದರು. ಅದು ೨೦೦೭ರ ಮಾರ್ಚ್ ತಿಂಗಳು. ಗದಗದ ಕಡೆಯ ಹೆಂಗಸು, ಅರವತ್ತೇಳು ವರ್ಷ, ಸಿ.ವಿ. ರಾಮನ್ ನಗರದಲ್ಲಿ ಮಗ ಪ್ರವೀಣನ ಮನೆಯಲ್ಲಿದ್ದರು. ಪ್ರವೀಣ ಖಾಸಗಿ ಬ್ಯಾಂಕೊಂದರಲ್ಲಿ ಅಧಿಕಾರಿ. ಬ್ಯಾಂಕಿನಲ್ಲಿ ಯಾರೋ ಪೋರ್ಚುಗಲ್ಲಿನ ಮಡೀರಾ ದ್ವೀಪಕ್ಕೆ ಹೋಗಿ ಬಂದಿದ್ದರಂತೆ, ಹಾಗಾಗಿ ಇವನೂ ಹೋಗಬೇಕಾಗಿತ್ತು. ಮೇ ತಿಂಗಳು, ಹತ್ತು ದಿನ. ತಾನು, ಹೆಂಡತಿ ಪ್ರತಿಭಾ, ಎರಡು ವರ್ಷದ ಮಗು ಮತ್ತು ಅವ್ವ. ತಾಯಿಯನ್ನೂ ಕರೆದುಕೊಂಡು ಹೋಗುತ್ತಾನಲ್ಲ ಎಂದು ಅಂಜನಮೂರ್ತಿಗೆ ಮೊದಲು ಅವನ ಮೇಲೆ ಗೌರವ ಹುಟ್ಟಿತು. ಅರ್ಧ ಗಂಟೆಯೂ ಉಳಿಯಲಿಲ್ಲ ಆ ಗೌರವ.

ಆ ದ್ವೀಪವೆಂದರೆ ಸಮುದ್ರದಿಂದ ಎದ್ದ ಬೆಟ್ಟ, ಊರೆಲ್ಲ ಏರು ಇಳಿಜಾರು, ಕಡಲ ಪಕ್ಕದ ಒಂದು ರಸ್ತೆ ಮಾತ್ರ ಸಪಾಟು, ತಾಯಿಯವರು ಬರುವುದಾದರೆ ಅಲ್ಲೇ ನೆಲಮಹಡಿಯ ರೂಮು ಹಿಡಿಯಬೇಕು ಎಂದು ಅಂಜನಮೂರ್ತಿ ನಕ್ಷೆ ಬಿಡಿಸಿ ಹೇಳಿದ. ಪ್ರವೀಣ ಕೇಳಿಸಿಕೊಳ್ಳಲಿಲ್ಲ. ಅವನಾಗಲೇ ಇಂಟರ್ನೆಟ್ಟಿನಲ್ಲಿ ಗುಡ್ಡದ ಮೇಲೊಂದು ಮನೆ ಹುಡುಕಿದ್ದ. ಅಡುಗೆಮನೆ ಇದೆ, ಬಾಲ್ಕನಿ ಇದೆ, ಫೋಟೋ ಚೆನ್ನಾಗಿ ಬರುತ್ತದೆ. ರಸ್ತೆಯಿಂದ ಎಂಬತ್ತನಾಲ್ಕು ಮೆಟ್ಟಿಲು. ಅಷ್ಟನ್ನು ಈ ಮಂಡಿ ಹೊತ್ತುಕೊಂಡು ಅವರು ಹತ್ತುವುದು ಹೇಗೆ ಎಂದು ಅಂಜನಮೂರ್ತಿ ಕೇಳಿದ.

"ಒಂದ್ಸಲ ಹತ್ತಿದ್ರೆ ಮುಗೀತಲ್ಲ ಸರ್," ಎಂದ ಪ್ರವೀಣ. "ಅವ್ವ ಎಲ್ಲಿ ಸುತ್ತಾಡ್ತಾಳೆ? ಮಗು ನೋಡ್ಕೊಂಡು ಮನೇಲೇ ಇರ್ತಾಳೆ. ನಮಗೂ ಹೊರಗಿನ ಊಟ ಆಗಿಬರಲ್ಲ."

ಹತ್ತು ದಿನದ ಆಯಾ, ಹತ್ತು ದಿನದ ಅಡುಗೆಯವಳು. ಅದಕ್ಕೆ ವೀಸಾ ಅರ್ಜಿಯಲ್ಲಿ ಪ್ರವಾಸ ಎಂದು ಹೆಸರು. ಅಂಜನಮೂರ್ತಿಗೆ ಬಾಯಲ್ಲಿ ಕಹಿ ಬಂತು. ಎದುರಿಗೆ ಆ ಹೆಂಗಸು ಕೂತಿದ್ದಾರೆ, ಮಗ ಅವರ ಮುಂದೆಯೇ ಇದನ್ನು ಹೇಳುತ್ತಿದ್ದಾನೆ, ದನಿಯನ್ನೂ ತಗ್ಗಿಸಿಲ್ಲ. ಇಂಥವನ ಮುಖಕ್ಕೆ ಉಗಿಯಬೇಕಿತ್ತು. ಉಗಿಯದೆ ಅವನು ಅರ್ಜಿ ತುಂಬಿದ.

ಪ್ರವೀಣ ಫೋನು ಬಂತೆಂದು ಹೊರಗೆ ಹೋದಾಗ ಕಾಶಮ್ಮ ಮೇಜಿನ ಹತ್ತಿರ ಬಾಗಿದರು. ಹುಟ್ಟಿದಾಗಿನಿಂದ ಅವರು ಸಮುದ್ರ ನೋಡಿರಲಿಲ್ಲ. ಸಮುದ್ರ ತೋರಿಸುತ್ತೇನೆಂದು ಹೇಳಿಯೇ ಮಗ ಅವರನ್ನು ಒಪ್ಪಿಸಿದ್ದ.

"ಅಲ್ಲೆ ನೀರಾಗ ಕಾಲಿಡಾಕ ಬಿಡ್ತಾರೇನ್ರಿ?" ಎಂದು ಕೇಳಿದರು. "ಒಂದ್ ಗಳಿಗಿ ಸಾಕ್ರಿ ನನಗ."

ಬಿಡುತ್ತಾರೆ ಎಂದು ಅಂಜನಮೂರ್ತಿ ಹೇಳಿದ. ಹೇಳಿದ ಮೇಲೆ ಆ ಮಾತು ಅವನ ತಲೆಯ ಮೇಲೆ ಕೂತಿತು.

ಮುಂದಿನ ಎರಡು ವಾರ ಅವನು ಯಾರೂ ಕೇಳದ ಕೆಲಸ ಮಾಡಿದ. ಕಂಪ್ಯೂಟರಿನಲ್ಲಿ ಆ ಗುಡ್ಡವನ್ನು ಮೇಲಿನಿಂದ ನೋಡಿ ನೋಡಿ, ಮನೆಯ ಹಿಂಬದಿಯಲ್ಲಿ ಇನ್ನೊಂದು ಓಣಿ ಇದ್ದಂತಿದೆ ಎಂದು ಅನುಮಾನಪಟ್ಟ. ಮನೆಯ ಮಾಲೀಕಳಿಗೆ ಇಮೇಲ್ ಬರೆದ. ಹೌದು, ಹಿಂದಿನ ಓಣಿಯಿಂದ ಬಂದರೆ ಹನ್ನೊಂದೇ ಮೆಟ್ಟಿಲು, ಟ್ಯಾಕ್ಸಿ ಅಲ್ಲಿಯವರೆಗೆ ಬರುತ್ತದೆ ಎಂದು ಉತ್ತರ ಬಂತು. ಅಂದು ಅವನು ಊಟದ ಡಬ್ಬಿ ಬಿಚ್ಚುವುದನ್ನೇ ಮರೆತ.

ಆಮೇಲೆ ಒಂದು ಹಾಳೆಯಲ್ಲಿ, ನಾಲ್ಕನೇ ಕ್ಲಾಸು ಓದಿದವರಿಗೂ ತಿಳಿಯುವ ದಪ್ಪ ಅಕ್ಷರದಲ್ಲಿ ಬರೆದ. ಗಾಳಿ ಜೋರಿರುವ ದಿನ ಬೇಡ, ಬಿಸಿಲಿರುವ ದಿನ ಹೊರಡಿ. ಸ್ವೆಟರು ಕೈಯಲ್ಲಿರಲಿ, ಬೆಟ್ಟದ ಮೇಲೆ ಮೋಡ ಬಂದರೆ ಚಳಿಯಾಗುತ್ತದೆ. ಹಿಂದಿನ ಓಣಿಗೆ ಟ್ಯಾಕ್ಸಿ ಕರೆಸಿ. ಮೊದಲು ಸಂತೆಗೆ ಹೋಗಿ, ಅಲ್ಲಿ ಗಿಡ್ಡ ಬಾಳೆಹಣ್ಣು ಸಿಗುತ್ತದೆ, ನಮ್ಮ ಹಣ್ಣಿನ ಹಾಗೇ ಸಿಹಿ. ಆಮೇಲೆ ಕಡಲ ಪಕ್ಕದ ಸಪಾಟು ರಸ್ತೆ, ದಾರಿಯುದ್ದಕ್ಕೂ ಕಲ್ಲುಬೆಂಚುಗಳಿವೆ, ಕೂತು ಕೂತು ಹೋಗಿ, ಯಾರೂ ಏನೂ ಅನ್ನುವುದಿಲ್ಲ. ದಡದಲ್ಲಿ ಮರಳಿಲ್ಲ, ಗುಂಡುಕಲ್ಲು. ಚಪ್ಪಲಿ ಬಿಚ್ಚದೆ, ಮಗನ ಕೈ ಹಿಡಿದು ನೀರಿಗಿಳಿಯಿರಿ. ಅಲ್ಲಿಯವರ ಭಾಷೆಯಲ್ಲಿ ಸಮುದ್ರಕ್ಕೆ ಮಾರ್ ಎನ್ನುತ್ತಾರೆ. ಹಾಳೆಯ ತುದಿಯಲ್ಲಿ, ಪ್ರವೀಣನಿಗೂ ಕಾಣಲಿ ಎಂದು, ಹತ್ತರಲ್ಲಿ ಈ ಒಂದು ದಿನ ತಾಯಿಯವರದು ಎಂದು ಬರೆದು ಕೆಳಗೆ ಗೆರೆ ಎಳೆದ. ಹಾಳೆಯನ್ನು ಕಾಶಮ್ಮನ ಪಾಸ್‌ಪೋರ್ಟಿನ ಕವರಿನೊಳಗಿಟ್ಟು ಕಳಿಸಿದ.

ಜೂನ್ ತಿಂಗಳಲ್ಲಿ ಪ್ರವೀಣ ಚಾಕ್ಲೆಟ್ ಡಬ್ಬಿ ಹಿಡಿದುಕೊಂಡು ಒಬ್ಬನೇ ಬಂದ. ಮುಖವೆಲ್ಲ ನಗು. ಪ್ರವಾಸ ಚೆನ್ನಾಗಾಯಿತಂತೆ, ಬ್ಯಾಂಕಿನವರೆಲ್ಲ ಫೋಟೋ ನೋಡಿ ಬಾಯಿ ಬಿಟ್ಟರಂತೆ. ಅಂಜನಮೂರ್ತಿಗೆ ಕೇಳಬೇಕಾಗಿದ್ದದ್ದು ಒಂದೇ. ಆ ಹಾಳೆ ತಾಯಿಯವರ ಕೈಗೆ ಸೇರಿತೇ ಎಂದು ಕೇಳಿದ.

"ಅಯ್ಯೋ, ಅದನ್ನೇ ಹೇಳೋಕೆ ಬಂದೆ ಸರ್. ಹೋದ ಎರಡನೇ ದಿನಾನೇ ಅವ್ವ ತಂದು ಓದು ಅಂತ ಕೊಟ್ಳು. ನಾನೂ ಪ್ರತಿಭಾನೂ ಅದನ್ನೇ ಹಿಡ್ಕೊಂಡು ಹೊರಟ್ವಿ. ಸಂತೆ, ಬಾಳೆಹಣ್ಣು, ಆ ಸಪಾಟ್ ರೋಡು, ಒಂದೂ ಬಿಡ್ಲಿಲ್ಲ. ಇಡೀ ಟ್ರಿಪ್ಪಲ್ಲಿ ಅದೇ ಬೆಸ್ಟ್ ದಿನ."

"ತಾಯಿಯವರು?"

"ಮಗು ಇತ್ತಲ್ಲ ಸರ್. ಬಾಲ್ಕನಿಯಿಂದ ಸಮುದ್ರ ಕಾಣ್ತಿತ್ತು ಅವಳಿಗೆ. ಆಮೇಲೆ ಕ್ಯಾಮೆರಾದಲ್ಲೂ ತೋರಿಸಿದ್ವಿ."

ಅಂಜನಮೂರ್ತಿಗೆ ಇವನ ಮೇಲಿನ ಹೇಸಿಗೆ ಹಳೆಯದು, ಅದು ಅಭ್ಯಾಸವಾಗಿತ್ತು. ಈಗ ಬಂದದ್ದು ಬೇರೆ. ಎರಡು ವಾರ ಕೂತು ಒಬ್ಬ ಹೆಂಗಸಿನ ಮಂಡಿಗೆ ಅಳತೆ ಮಾಡಿ ತಾನು ಬರೆದದ್ದನ್ನು ಇವರಿಬ್ಬರು ಉಂಡು ಕೈ ತೊಳೆದು ಬಂದಿದ್ದರು. ಉಣ್ಣಲು ಬಡಿಸಿದವನು ತಾನೇ. ಅಂದು ಆಕೆಯ ಎದುರಿಗೇ ನಾಲ್ಕು ಮಾತು ಆಡದೆ, ಚೀಟಿಯಲ್ಲಿ ಧೈರ್ಯ ತೋರಿಸಲು ಹೋಗಿದ್ದ.

ಪ್ರವೀಣ ಕುರ್ಚಿಯನ್ನು ಮುಂದಕ್ಕೆಳೆದುಕೊಂಡ. ಬರುವ ವರ್ಷ ಮಾರಿಷಸ್ಸಿಗೆ ಹೋಗುವುದಂತೆ.

"ಈ ಸಲಾನೂ ಅವ್ವನಿಗೆ ಅಂತಾನೇ ಒಂದು ಬರೆದುಕೊಡಿ ಸರ್," ಎಂದ. "ತುಂಬ ನಿಧಾನ, ತುಂಬ ಚೆನ್ನಾಗಿರುತ್ತೆ."

ಅಂಜನಮೂರ್ತಿ ಚಾಕ್ಲೆಟ್ ಡಬ್ಬಿಯನ್ನು ಅವನ ಕಡೆಗೆ ತಳ್ಳಿದ. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದ. ಬಂದವನು ಒಂದು ಹೊಸ ಫಾರ್ಮು ತೆಗೆದು, ಎಷ್ಟು ಜನ ಎಂದು ಕೇಳಿದ.