ಬಾರ್ಡರಿಲ್ಲದ ಚಿತ್ರ

ಫೋನಿನಲ್ಲಿ ತೆಗೆದ ಎಂಥ ಸಾಧಾರಣ ಚಿತ್ರಕ್ಕೂ ಸುತ್ತ ಒಂದು ಕಪ್ಪು ಬಾರ್ಡರ್ ಹಾಕಿ, ನಾಲ್ಕು ಮೂಲೆಗಳನ್ನು ದುಂಡಗೆ ಮಾಡಿಬಿಟ್ಟರೆ, ಹೆಣ್ಣು ನೋಡಲು ಹೊರಟ ಹುಡುಗನ ಹಾಗೆ ಅದಕ್ಕೊಂದು ಕಳೆ ಬಂದುಬಿಡುವುದನ್ನು ನೀವೂ ಕಂಡಿರಬಹುದು. ಭೂಮಾಪನ ಇಲಾಖೆಯಲ್ಲಿ ಆಯುಷ್ಯವೆಲ್ಲ ಪರರ ಹೊಲಗಳಿಗೆ ಹದ್ದುಬಸ್ತು ಮಾಡಿಕೊಟ್ಟು ನಿವೃತ್ತನಾದ ನನಗಂತೂ ಗಡಿಗುರುತಿಲ್ಲದ ವಸ್ತುವೆಲ್ಲ ಅಪೂರ್ಣವೆಂದೇ ತೋರುತ್ತದೆ. ಹೆಂಡತಿ ತೀರಿಕೊಂಡ ಮೇಲೆ ಚನ್ನಪಟ್ಟಣದ ಬಾಡಿಗೆ ಮನೆಯಲ್ಲಿ ಒಬ್ಬನೇ ಉಳಿದವನು ಹೊತ್ತು ಕಳೆಯಲು ಚಿತ್ರ ತೆಗೆಯತೊಡಗಿದೆ. ಬೈರಾಪಟ್ಟಣದ ಹತ್ತಿರ ಎಳನೀರು ಗಾಡಿಯ ಕೆಳಗೆ ಮಲಗಿದ್ದ ನಾಯಿಯೊಂದನ್ನು ಸರ್ವಾಲಂಕಾರಭೂಷಿತವಾಗಿಸಿ ರಾಮನಗರದ ಛಾಯಾಚಿತ್ರ ಸ್ಪರ್ಧೆಗೆ ಕಳಿಸಿದೆ.

ಸ್ಪರ್ಧೆಯ ಕೆಲಸ ನೋಡಿಕೊಳ್ಳುತ್ತಿದ್ದ ಮಂಜುಳಾ ಎಂಬ ಹುಡುಗಿ ಫೋನು ಮಾಡಿದಳು.

“ಸಾರ್, ಫೋಟೋ ಚೆನ್ನಾಗೈತೆ. ಆದ್ರೆ ಬಾರ್ಡರ್ ಹಾಕಂಗಿಲ್ಲ, ಮೂಲೆ ರೌಂಡ್ ಮಾಡಂಗಿಲ್ಲ. ತೆಗೆದು ಕಳ್ಸಿ.”

“ಬಾರ್ಡರ್ ಇಲ್ಲದ ಸೀರೆ ಯಾರಾದ್ರೂ ಉಡ್ತಾರೇನವ್ವಾ?” ಎಂದೆ.

ಅವಳು ನಕ್ಕಳು. ನನ್ನ ಮಾತಿಗೆ ಇನ್ನೊಬ್ಬರು ನಕ್ಕು ಎಷ್ಟು ಕಾಲವಾಗಿತ್ತೋ! ಆ ವಾರವಿಡೀ ಯಾರೊಡನೆಯೂ ಸರಿಯಾಗಿ ಮಾತೇ ಆಡಿರಲಿಲ್ಲವೆಂಬುದು ಫೋನಿಟ್ಟ ಮೇಲೆ ಹೊಳೆಯಿತು.

ಬಾರ್ಡರ್ ತೆಗೆದೆ. ಮೂಲೆಗಳನ್ನು ಮಾತ್ರ, ಬೇಕೆಂದೇ, ದುಂಡಗೆ ಬಿಟ್ಟು ಕಳಿಸಿದೆ. ನಿರೀಕ್ಷೆಯಂತೆ ಫೋನು ಬಂತು. ದುಂಡನ್ನು ತೆಗೆಯುವ ವಿಧಾನವನ್ನು ಅವಳು ತಾಳ್ಮೆಯಿಂದ ಬಿಡಿಸಿ ಹೇಳಿದಳು. ನಾನು ಮಂದಮತಿಯ ಪಾತ್ರವನ್ನು, ಹೆಚ್ಚು ಅಭಿನಯದ ಅಗತ್ಯವಿಲ್ಲದೆ, ನಿರ್ವಹಿಸಿದೆ. ಅವಳ ಊರು ಸೋಲೂರೆಂದು ತಿಳಿಯಿತು. ಮಳೆಯ ವಿಚಾರವೂ ಬಂತು. ಆಮೇಲೆ ಮೂರು ಮೂಲೆ ಸರಿಪಡಿಸಿ, ಒಂದನ್ನು ಉಳಿಸಿ ಕಳಿಸಿದೆ.

“ನಾನೇ ಕಟ್ ಮಾಡ್ಬುಟ್ಟೆ ಸಾರ್. ಇನ್ನು ನೀವು ತಲೆ ಕೆಡಿಸ್ಕಬೇಡಿ” ಎಂದಳು.

ಉಪಕಾರವೊಂದು ಮನುಷ್ಯನನ್ನು ಇಷ್ಟು ಬರಿದು ಮಾಡಬಲ್ಲದೆಂದು ತಿಳಿದಿರಲಿಲ್ಲ. ಮತ್ತೆ ಫೋನು ಬರಲಿಲ್ಲ. ಬಹುಮಾನವೂ ಬರಲಿಲ್ಲ, ಆ ಮಾತು ಬಿಡಿ.

ಸ್ಪರ್ಧೆಗೆ ಬಂದ ಚಿತ್ರಗಳ ಪ್ರದರ್ಶನದ ದಿನ ರೈಲು ಹತ್ತಿ ರಾಮನಗರಕ್ಕೆ ಹೋದೆ. ಗೋಡೆಯ ಮೇಲೆ ನಾಯಿ ಯಾವ ಅಲಂಕಾರವೂ ಇಲ್ಲದೆ, ಮೊದಲಿಗಿಂತ ನೆಮ್ಮದಿಯಾಗಿ ಮಲಗಿತ್ತು. ಪಕ್ಕದವರಿಗೆ ‘ಇದು ನನ್ನದೇ’ ಎಂದ ನನ್ನ ದನಿ ಕೇಳಿ ಮಂಜುಳಾ ಹತ್ತಿರ ಬಂದಳು.

“ಆ ಮೂಲೆ ಬೇಕಂತ್ಲೇ ಬುಟ್ಟಿದ್ರಿ ಅಲ್ವಾ ಸಾರ್?”

ನಾನು ಚಿತ್ರದ ನಾಲ್ಕು ಮೂಲೆಗಳನ್ನೂ ಒಂದೊಂದಾಗಿ ಪರೀಕ್ಷಿಸತೊಡಗಿದೆ.

“ನಮ್ಮಪ್ಪನೂ ಹಂಗೇಯ. ಟಿ.ವಿ. ರಿಮೋಟ್ ಕೆಟ್ಟೈತೆ ಅಂತ ಊರಿಂದ ಫೋನ್ ಮಾಡ್ತಾರೆ. ಅದೇನೂ ಕೆಟ್ಟಿರಕಿಲ್ಲ.”

“ಹಂಗಾದ್ರೆ ಇವತ್ತು ನೀನೇ ಮೊದಲು ಫೋನ್ ಮಾಡವ್ವ” ಎಂದೆ.

ಅವಳು ಫೋನು ಹಿಡಿದು ಜಗಲಿಗೆ ಹೋದಳು. “ಅಪ್ಪಾ, ಊಟ ಆಯ್ತಾ? ... ಏನೂ ಇಲ್ಲಪ್ಪಾ, ಸುಮ್ಕೆ ಮಾಡ್ದೆ.”

ಹೇಳಿ ಹೋಗೋಣವೆಂದು ಬಾಗಿಲಲ್ಲಿ ಕಾದೆ. ಅವರ ಮಾತು ಮುಗಿಯುವಂತೆ ಕಾಣಲಿಲ್ಲ. ಸದ್ದಾಗದಂತೆ ಚಪ್ಪಲಿ ಮೆಟ್ಟಿಕೊಂಡು ಸ್ಟೇಷನ್ನಿನ ಕಡೆ ನಡೆದೆ.