ಸೊಟ್ಟಬಾಲದ ಹುಂಜದ ಬಟ್ಟಲು

ಲಮ್ಯಾಯ್‌ಳ ಮದುವೆಗೆ ಕರೆಯದೆ ಬಂದವರೆಂದರೆ ವಿಹಾರದ ನಾಯಿಗಳು. ಲಂಪಾಂಗ್‌ನ ನಮ್ಮ ಓಣಿಯ ತುದಿಗೆ ಬೌದ್ಧ ವಿಹಾರ. ಮನೆಗೆ ಬೇಡವಾದ ಮರಿಗಳನ್ನೆಲ್ಲ ಅದರ ಗೇಟಿನೊಳಗೆ ಇಳಿಸಿ, ಕೈಮುಗಿದು ಹೋಗುವುದು ಇಲ್ಲಿನ ಪುಣ್ಯವಂತರ ಅಭ್ಯಾಸ. ಭಿಕ್ಷುಗಳು ಉಂಡು ಉಳಿದದ್ದು ಅಷ್ಟು ಬಾಯಿಗಳಿಗೆ ಎಲ್ಲಿ ಸಾಲಬೇಕು? ಲಂಗ ತೊಡುವ ವಯಸ್ಸಿನಿಂದಲೂ ಲಮ್ಯಾಯ್ ಅವುಗಳಿಗೆ ಅನ್ನ ಹಾಕಿದವಳು, ಹುಣ್ಣು ತೊಳೆದವಳು. ನಾನು ಆ ಗೇಟಿನೆದುರು ನೂಡಲ್ಸ್ ಮಾರುವವಳು. ನನ್ನ ಅಂಗಡಿಯ ಮೂಳೆಗಳೆಲ್ಲ ಅವಳ ಪಾಲಾಗಿದ್ದವು.

ಅವಳ ಗಂಡ ತವಿನ್ ಬಟ್ಟಲು ಕಾರ್ಖಾನೆಯಲ್ಲಿ ಪಿಂಗಾಣಿಯ ಮೇಲೆ ಹುಂಜದ ಚಿತ್ರ ಬರೆಯುತ್ತಿದ್ದ. ಮದುವೆಯ ದಿನ ನಾವು ಹಿರಿಯರೆಲ್ಲ ಸಾಲಾಗಿ ಬಂದು, ಅವರಿಬ್ಬರ ಕೈಗಳ ಮೇಲೆ ಶಂಖದಿಂದ ನೀರು ಹೊಯ್ದು ಹರಸಿದೆವು. ನೀರು ತೊಟ್ಟಿಕ್ಕುವ ಕೈಯಲ್ಲೇ ಎದ್ದು ಹೋಗಿ ಅವನು ನಾಯಿಗಳಿಗೆ ಹಂದಿಮಾಂಸ ಹಾಕಿದ. ಅವನ ಅತ್ತೆ ಮಾಲೈ ಸಿಡುಕಿದಳು.

"ನಾನು ಅಳಿಯನ್ನ ಮನೆ ತುಂಬಿಸ್ಕೊಂಡ್ನೋ, ನಾಯಿ ದಂಡನ್ನೋ?"

"ಎರಡೂ ಒಂದೇ ಅತ್ತೆ. ಹಾಕಿದ್ದು ತಿಂತೀವಿ, ಹೇಳಿದ್ಕಡೆ ಬಿದ್ಕೋತೀವಿ."

ಮಾಲೈಗೂ ನಗು ತಡೆಯಲಾಗಲಿಲ್ಲ. ಅಂಥ ಹುಡುಗ ಅವನು. ಬೆಳಿಗ್ಗೆ ಗಂಡಹೆಂಡಿರು ಅನ್ನದ ಬಕೆಟ್ಟನ್ನು ಸ್ಕೂಟರಿಗೆ ಸಿಕ್ಕಿಸಿಕೊಂಡು ಬಂದರೆ ನಾಯಿಗಳು ಓಣಿಯನ್ನೇ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದವು. ನನಗೆ ಅವರನ್ನು ಕಂಡರೆ ಹೊಟ್ಟೆ ತುಂಬುತ್ತಿತ್ತು.

ಮಳೆಗಾಲದ ಆರಂಭದಲ್ಲಿ ಒಂದು ಕಪ್ಪು ಮರಿ, ಔಷಧಿ ಕುಡಿಸಲು ಹೋದ ತವಿನ್‌ನ ಬಲಗೈ ಹೆಬ್ಬೆರಳನ್ನು ಕಚ್ಚಿತು. ಅಕ್ಕಿಕಾಳಿನಷ್ಟು ಗಾಯ. ಮಾಲೈ ಕಾಲಿನ ಚಪ್ಪಲಿ ತೆಗೆದು ಗಾಯದ ಮೇಲೆ ಪಟಪಟನೆ ಬಡಿದಳು. ಹಾಗೆ ಬಡಿದರೆ ನಾಯಿಯ ವಿಷ ಇಳಿಯುತ್ತದೆಂದು ಅಜ್ಜಿಯರ ಕಾಲದಿಂದ ನಂಬಿಕೊಂಡು ಬಂದವರು ನಾವು. ಆ ನಂಬಿಕೆಗಿಷ್ಟು ಬೆಂಕಿ ಬೀಳಲಿ.

"ಅತ್ತೆ ಕೈಲಿ ಚಪ್ಪಲಿ ಏಟೂ ತಿಂದಾಯ್ತು. ಈಗ ಪಕ್ಕಾ ಅಳಿಯ ಆದೆ," ಎಂದು ಅವನು ನಕ್ಕ.

ಕೆಲವೇ ದಿನಗಳಲ್ಲಿ ಆ ಮರಿ ಜೊಲ್ಲು ಸುರಿಸುತ್ತ, ದವಡೆ ಜೋತು ಬಿದ್ದು ಸತ್ತಿತು. ಲಮ್ಯಾಯ್ ಗಂಡನನ್ನು ಎಳೆದುಕೊಂಡು ನನ್ನ ಅಂಗಡಿಗೆ ಬಂದಳು.

"ಅಕ್ಕಾ, ನೀನಾದ್ರೂ ಹೇಳು ಇವ್ನಿಗೆ. ಆ ಮರಿಗೆ ಹುಚ್ಚೇ ಹಿಡಿದಿತ್ತು. ಸೂಜಿ ಹಾಕಿಸ್ಕೊಳ್ಳಲೇಬೇಕು."

"ಆಸ್ಪತ್ರೇಲಿ ಯಾವ ನಾಯಿ ಅಂತ ಕೇಳ್ತಾರೆ ಕಣೇ," ಅಂದ ತವಿನ್. "ವಿಹಾರದ್ದು ಅಂದ್ರೆ ನಾಳೆನೇ ನಾಯಿ ಹಿಡಿಯೋ ವ್ಯಾನು ಬರುತ್ತೆ. ಒಂದನ್ನೂ ಬಿಡಲ್ಲ. ಆಮೇಲೆ ನೀನು ಬದುಕ್ತೀಯಾ?"

"ನಿನ್ನ ಜೀವಕ್ಕಿಂತ ನಾಯಿ ಹೆಚ್ಚೇನೋ ಮುಠ್ಠಾಳ?" ಎಂದು ನಾನು ಸೌಟು ಎತ್ತಿಕೊಂಡೇ ಬೈದೆ.

"ಅತ್ತೆ ಬಡಿದ್ರಲ್ಲ ಅಕ್ಕಾ, ಯಾವಾಗ್ಲೋ ಇಳಿದಿರುತ್ತೆ ಬಿಡಿ."

ಲಮ್ಯಾಯ್ ಇನ್ನೊಂದು ಮಾತು ಆಡಿದ್ದರೆ ಅವನು ಹೋಗುತ್ತಿದ್ದ. ಅವಳು ಗೇಟಿನಲ್ಲಿ ಮಲಗಿದ್ದ ನಾಯಿಗಳ ಕಡೆ ನೋಡಿದಳು, ಗಂಡನ ಬೆರಳು ಹಿಡಿದು ನೋಡಿದಳು. ಗಾಯ ಮಾಯ್ದಿತ್ತು. ನನ್ನ ಅಂಗಡಿಯ ಮೂಳೆಗಳನ್ನೆತ್ತಿಕೊಂಡು ಗೇಟಿನ ಕಡೆ ನಡೆದಳು.

ಮಳೆ ನಿಲ್ಲುವ ಹೊತ್ತಿಗೆ ಆ ಹೆಬ್ಬೆರಳು ಜುಮುಗುಟ್ಟತೊಡಗಿತು. ಕುಂಚ ನಡುಗಿ ಒಂದು ಹುಂಜದ ಬಾಲ ಸೊಟ್ಟಗಾಯಿತು. ಮೇಸ್ತ್ರಿ ಬೇಡವೆಂದ ಆ ಬಟ್ಟಲನ್ನು ಅವನು ಮನೆಗೆ ತಂದ. "ನೋಡೇ, ಈ ಹುಂಜ ಕುಡಿದು ಬಂದಿದೆ," ಎಂದು ಹೆಂಡತಿಯನ್ನು ನಗಿಸಿದ. ಮಾರನೆಯ ದಿನ ಫ್ಯಾನಿನ ಗಾಳಿ ತಗುಲಿದರೂ ಬೆಚ್ಚಿಬೀಳತೊಡಗಿದ. ಲಮ್ಯಾಯ್ ಅದೇ ಬಟ್ಟಲಿನಲ್ಲಿ ನೀರು ಕೊಟ್ಟಳು. ತುಟಿಗೆ ತಾಗುವ ಮೊದಲೇ ಅವನ ಗಂಟಲು ಬಿಗಿದುಕೊಂಡಿತು. ಬಟ್ಟಲನ್ನು ದೂರ ತಳ್ಳಿ ಅವಳ ಮುಖ ನೋಡಿದ.

ಆಸ್ಪತ್ರೆಯಲ್ಲಿ ಅವಳು ಡಾಕ್ಟರ ಕಾಲು ಹಿಡಿದಳು. "ಈಗ್ಲಾದ್ರೂ ಸೂಜಿ ಹಾಕಿ ಸಾರ್. ನಾಯಿಗಳನ್ನೆಲ್ಲಾ ನಾನೇ ಹಿಡಿದು ಕೊಡ್ತೀನಿ." ಸೂಜಿಯ ಕಾಲ ಮುಗಿದಿದೆ ಎಂದು ಆತ ತಲೆ ತಗ್ಗಿಸಿದ. ಹಾಸಿಗೆಗೆ ಕಟ್ಟಿ ಹಾಕಿದ್ದ ತವಿನ್‌ಗೆ ನಡುವೆ ಒಮ್ಮೆ ಬುದ್ಧಿ ತಿಳಿಯಾಯಿತು. "ನೀರು ದೂರ ಇಡೇ," ಅಂದ. "ನೀನು ಹತ್ರ ಬಾ." ಅದೇ ಅವನ ಕೊನೆಯ ಮಾತು.

ಅವನು ಸತ್ತ ಮಧ್ಯಾಹ್ನವೇ ವ್ಯಾನು ಬಂತು. ಬಲೆ ಹಿಡಿದವರಿಗೆ ನಾಯಿಗಳು ಸಿಗಲಿಲ್ಲ. ಲಮ್ಯಾಯ್ ಗೇಟಿನಲ್ಲಿ ನಿಂತು ಒಂದೊಂದನ್ನೇ ಹೆಸರು ಹಿಡಿದು ಕೂಗಿದಳು. ಅನ್ನಕ್ಕೆ ಕರೆದಳೆಂದುಕೊಂಡು ಎಲ್ಲವೂ ಬಾಲ ಅಲ್ಲಾಡಿಸುತ್ತ ಬಂದವು. ನೋಡಲಾಗದೆ ನಾನು ಒಳಗೆ ಹೋದೆ.

ಶವಪೆಟ್ಟಿಗೆಯಲ್ಲಿ ಇಡುವ ಮೊದಲು ಸತ್ತವರ ಬಲಗೈ ಚಾಚಿಸಿ, ಅದರ ಮೇಲೆ ನೀರು ಹೊಯ್ದು ಕ್ಷಮೆ ಕೇಳಬೇಕು. ಮದುವೆಯಲ್ಲಿ ನಿಂತ ಹಿರಿಯರೇ ಮತ್ತೆ ಸಾಲು ನಿಂತೆವು. ಮಾಲೈ ಬರಿಗಾಲಿನಲ್ಲಿ ಬಂದಳು; ಆಮೇಲೂ ಅವಳು ಚಪ್ಪಲಿ ಮೆಟ್ಟಿದ್ದನ್ನು ನಾನು ಕಂಡಿಲ್ಲ. ಲಮ್ಯಾಯ್ ಕೊನೆಗೆ ಬಂದಳು, ಸೊಟ್ಟಬಾಲದ ಹುಂಜದ ಬಟ್ಟಲು ಹಿಡಿದು. ಬಂದವಳು ಹಾಗೇ ನಿಂತುಬಿಟ್ಟಳು.

"ನೀರು ಕಂಡ್ರೆ ನಡುಗ್ತಿದ್ದ, ಅಕ್ಕಾ. ಹೇಗೆ ಹಾಕ್ಲಿ?"

ನಾನು ಅವಳ ಮೊಣಕೈ ಹಿಡಿದುಕೊಂಡೆ. ಅವಳು ಬಾಗಿ, "ಸ್ವಲ್ಪಾನೇ ಹಾಕ್ತೀನಿ, ಹೆದರ್ಬೇಡ," ಎಂದು ಅವನ ಹೆಬ್ಬೆರಳ ಮೇಲೆ ಹನಿಹನಿಯಾಗಿ ಹೊಯ್ದಳು. ಕೈ ಹಿಂದೆ ಸರಿಯಲಿಲ್ಲ. ಸರಿದೀತೇನೋ ಎಂದು ಅವಳು ಬಟ್ಟಲು ಬರಿದಾಗುವ ತನಕ ನೋಡುತ್ತಲೇ ಇದ್ದಳು.